ಉಪ್ಪುನೀರಿನಲ್ಲಿ ಅರ್ಧ ಮಾತ್ರೆ

ನನ್ನ ಗಂಡ ದರ್ಜಿ. ಎರಡು ಸಲ ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವವರಲ್ಲ. ಮೊದಲ ಸಲ ಅವರು ಟೇಪು ಓದುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಎರಡನೇ ಸಲ ನಾನು ಓದಬೇಕು, ಅವರು ಪುಸ್ತಕ ನೋಡುತ್ತಾರೆ. ಗಿರಾಕಿಗಳು ತಲೆ ಚಚ್ಚಿಕೊಳ್ಳುತ್ತಾರೆ. ನಾನು ಹದಿನೆಂಟು ವರ್ಷದಿಂದ ಚಚ್ಚಿಕೊಳ್ಳುತ್ತಿದ್ದೇನೆ.

ಇಂಥವರ ಮೇಲೆ ಅವರ ಮೈಯೇ ತಿರುಗಿಬಿತ್ತು. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿಗಳನ್ನು ದೇಹದ ರಕ್ಷಣಾ ಶಕ್ತಿಯೇ ಶತ್ರುವೆಂದು ತಿಳಿದು ಹಾಳುಗೆಡವಿತ್ತು. ಅದು ಗೊತ್ತಾಗಲು ಎರಡು ವರ್ಷ ಹಿಡಿಯಿತು. ಅಂಗೈ ಗೆರೆಗಳು ಕಪ್ಪಾದವು, ಮೈ ಇಳಿಯಿತು, ಉಪ್ಪಿನ ಡಬ್ಬಿಗೆ ಬೆರಳು ಅದ್ದಿ ನೆಕ್ಕತೊಡಗಿದರು. ಒಬ್ಬರು ರಕ್ತ ಕಮ್ಮಿ ಎಂದರು, ಇನ್ನೊಬ್ಬರು ಎಲ್ಲಾ ಮನಸ್ಸಿನ ಭ್ರಮೆ ಎಂದರು. ಇಸ್ತ್ರಿ ಮೇಜಿನ ಮುಂದೆ ದೊಪ್ಪನೆ ಬಿದ್ದ ಮೇಲಷ್ಟೇ ಸರಿಯಾದ ಡಾಕ್ಟರು ಸಿಕ್ಕಿದರು. ಅಂದಿನಿಂದ ಮೂರು ಹೊತ್ತು ಹಾರ್ಮೋನು ಮಾತ್ರೆ, ಬದುಕಿರುವವರೆಗೆ.

ಈ ವರ್ಷ ಅದೇ ಡಾಕ್ಟರು ಆಸೆ ಹುಟ್ಟಿಸಿದರು. ಕೆಲವರಲ್ಲಿ ಗ್ರಂಥಿ ಪೂರ್ತಿ ಸತ್ತಿರುವುದಿಲ್ಲವಂತೆ, ಸ್ವಲ್ಪ ಹಾರ್ಮೋನು ತಯಾರಿಸುತ್ತಲೇ ಇರುತ್ತದಂತೆ. ಹಿಂದಿನ ದಿನದಿಂದ ಮಾತ್ರೆ ಬಿಟ್ಟು ಬೆಳಿಗ್ಗೆ ರಕ್ತ ಕೊಟ್ಟರೆ ತಿಳಿಯುತ್ತದೆ.

ರಕ್ತ ಕೊಡಲು ಹೊರಟ ಬೆಳಿಗ್ಗೆ ಇವರು ಚಪ್ಪಲಿ ಹಾಕಿಕೊಳ್ಳಲು ಬಾಗಿದವರು ಹಾಗೇ ಗೋಡೆಗೆ ಒರಗಿದರು. ತುಟಿ ಬಿಳಿಚಿತ್ತು. ನನಗೆ ಇಸ್ತ್ರಿ ಮೇಜು ಕಣ್ಣ ಮುಂದೆ ಬಂತು. ಅವರು ದಿನಾ ಕುಡಿಯುವ ಉಪ್ಪುನೀರಿಗೆ ಗುಟ್ಟಾಗಿ ಅರ್ಧ ಮಾತ್ರೆ ಪುಡಿ ಮಾಡಿ ಕದಡಿಬಿಟ್ಟೆ. ಅರ್ಧ ತಾನೇ, ಏನು ಮಹಾ ಎಂದುಕೊಂಡೆ. ಬುದ್ಧಿಗೆ ಮಂಕು ಕವಿದಿತ್ತು.

ವಾರದ ನಂತರ ಡಾಕ್ಟರು ವರದಿ ನೋಡಿ ನಕ್ಕರು. “ಗ್ರಂಥಿ ಇನ್ನೂ ಕೆಲಸ ಮಾಡ್ತಿದೆ! ಮಧ್ಯಾಹ್ನದ ಮಾತ್ರೆ ನಿಲ್ಲಿಸಿ ನೋಡೋಣ. ಮಾತ್ರೆಲಿರೋದೂ ಇದೇ ಹಾರ್ಮೋನು, ಈಗ ನಿಮ್ಮ ಮೈಯೇ ಅದನ್ನ ಕೊಡ್ತಿದೆಯಲ್ಲ.”

ಯಾವುದು ಮೈಯದು, ಯಾವುದು ನಾನು ಕದಡಿದ್ದು ಎಂದು ರಕ್ತ ಹೇಳೀತೇ? ವರದಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಇವರು ಬಸ್ಸು ಬೇಡವೆಂದು ಶಿಳ್ಳೆ ಹಾಕುತ್ತಾ ಮನೆಯವರೆಗೆ ನಡೆದರು. ಮಧ್ಯಾಹ್ನ ಮಾತ್ರೆಯ ಡಬ್ಬಿಯನ್ನು ದಾರದುಂಡೆಗಳ ಹಿಂದೆ ತಳ್ಳಿದರು.

“ಇನ್ನು ಮಧ್ಯಾಹ್ನಕ್ಕೆ ಇದರ ಹಂಗಿಲ್ಲ ಕಣೇ.”

“ತಗೊಳ್ರೀ ಮಾತ್ರೆ,” ಎಂದು ಕಿರುಚಿಯೇಬಿಟ್ಟೆ. “ಅವತ್ತು ಉಪ್ಪುನೀರಿಗೆ ಅರ್ಧ ಹಾಕಿದ್ದೆ.”

ಬೈದಿದ್ದರೆ ಜಗಳವಾಡಬಹುದಿತ್ತು. ಬೈಯಲಿಲ್ಲ, ಅದೇ ನನಗೆ ಉರಿ. ಮಾತ್ರೆ ನುಂಗಿ, “ಒಂದೇ ಸಲ ಅಳೆದಿದ್ದು ನನ್ನದೇ ತಪ್ಪು,” ಎಂದರು.

ಡಾಕ್ಟರಿಗೆ ಹೇಳಿ, ಮಾತ್ರೆ ಬಿಟ್ಟು ಮತ್ತೆ ರಕ್ತ ಕೊಟ್ಟರು. ಈ ಸಲ ವರದಿಯಲ್ಲಿ ಹಾರ್ಮೋನು ಏನೂ ಇರಲಿಲ್ಲ. ಗ್ರಂಥಿ ಪೂರ್ತಿ ಸತ್ತಿತ್ತು. ಬಸ್ಸಿಳಿದು ಬಂದು ಅಂಗಡಿಯ ಬೀಗ ತೆಗೆಯುವಾಗ ಹೇಳಿದರು: “ಅವತ್ತು ಎಷ್ಟು ಆರಾಮಾಗಿ ನಡ್ಕೊಂಡು ಬಂದೆ ನೋಡು.”

ನಾನು ಮಾತ್ರೆಯನ್ನೂ ನೀರನ್ನೂ ತಂದು ಕೊಟ್ಟೆ. ಅವರು ಲೋಟವನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿ, ಆಮೇಲೆ ಕುಡಿದರು.