ಮಂಗ ಸತ್ತ ಜಾಗ

ಮಂಗ ಎಲ್ಲಿ ಸತ್ತು ಬಿದ್ದಿತ್ತು? ಹೋದ ವಾರ ಕ್ಯಾಸನೂರಿನ ಕಡೆಯ ಒಂದು ಹಳ್ಳಿಯಲ್ಲಿ ನಾನು ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕಾಗಿದ್ದ ಪ್ರಶ್ನೆ ಇಷ್ಟೇ.

ಮಂಗನ ಕಾಯಿಲೆ ತಡೆಯಲು ಅಲ್ಲಿಗೆ ಬಂದ ಡಾಕ್ಟರಿಗೆ ಕನ್ನಡ ಬರುವುದಿಲ್ಲ. ಸೊರಬ ಪೇಟೆಯಲ್ಲಿ ಪುಸ್ತಕ ಇಟ್ಟುಕೊಂಡು ತಾನೇ ಇಂಗ್ಲಿಷ್ ಕಲಿಯುವವನೊಬ್ಬ ಇದ್ದಾನೆ ಎಂದು ಯಾರೋ ಹೇಳಿದರಂತೆ. (ನನ್ನ ಹುಚ್ಚು ನಿಮಗೆ ಗೊತ್ತೇ ಇದೆ.) ಜೀಪು ಬಂತು, ಹತ್ತಿದೆ. ದಾರಿಯುದ್ದಕ್ಕೂ ನಿಯರ್, ಬಿಸೈಡ್, ಬಿಹೈಂಡ್ ಎಂದು ಉರು ಹೊಡೆದೆ. ಕಾಡಿನ ಅಂಚಿಗೆ ಎಡ್ಜ್ ಎನ್ನಬೇಕೋ, ಬಾರ್ಡರ್ ಎನ್ನಬೇಕೋ? ಖುಷಿಯೋ ಖುಷಿ.

ಆ ಹಳ್ಳಿಯ ಗಂಗಮ್ಮನ ಹಿರಿಸೊಸೆ ಜ್ವರ ಬಂದು ಆಸ್ಪತ್ರೆ ಸೇರಿದ್ದಳು. ಅವಳಿಗೆ ಮಾತೇ ನಿಂತಿತ್ತು. ಅವಳು ಕಾಡಿನೊಳಗೆ ಹೋಗಿದ್ದಳಾ ಎಂದು ಡಾಕ್ಟರು ನನ್ನಿಂದ ಕೇಳಿಸಿದರು.

“ಕಾಡಿಗ್ಯಾಕೆ ಹೋಗ್ತಾಳ್ರೀ? ಅವ್ಳೇನು ಬೇಟೆ ಆಡ್ತಾಳಾ?” ಎಂದರು ಗಂಗಮ್ಮ. ಮಂಗ ಸತ್ತದ್ದು ಮನೆ ಹಿಂದೆಯಂತೆ.

ಬಿಹೈಂಡ್ ದ ಹೌಸ್, ಎಂದೆ. ಅಂದರೆ ಬ್ಯಾಕ್‌ಯಾರ್ಡ್ ತಾನೇ ಎಂದರು ಡಾಕ್ಟರು. ಎರಡೂ ಒಂದೇ ಅಲ್ಲವೇ? ತಲೆಯಾಡಿಸಿದೆ. ಸತ್ತ ಮಂಗನ ಮೈಯಿಂದ ಉದುರಿ, ಜನರಿಗೆ ಕಚ್ಚಿ ಕಾಯಿಲೆ ಹರಡುವ ಉಣುಗು ಸಾಯಿಸುವ ಪುಡಿಯನ್ನು ಅವರ ಜನ ಹಿತ್ತಿಲ ತುಂಬ ಎರಚಿದರು.

ಗಂಗಮ್ಮ ನೋಡುತ್ತ ನಿಂತಿದ್ದರು. “ಬಸಳೆ ಬಳ್ಳಿಗ್ಯಾಕ್ರೀ ಪುಡಿ ಹಾಕ್ತಾರೆ? ಮಂಗ ಇಲ್ಲೆಲ್ಲಿ ಸತ್ತಿತ್ತು?”

ಪೇಟೆಯವನಾದ ನನಗೆ ಆಮೇಲೆ ಗೊತ್ತಾಯಿತು. ಕೊಟ್ಟಿಗೆಗೆ ಹಾಸಲು ಒಣಗಿದೆಲೆ ಬೇಕು. ಅದನ್ನು ಗುಡಿಸಿ ತರಲು ಕಾಡಿನಲ್ಲಿ ಮನೆಮನೆಗೂ ಒಂದೊಂದು ಪಾಲು. ಆ ಪಾಲಿಗೆ ಎಲ್ಲರೂ ಹೇಳುವುದು ‘ನಮ್ಮನೆ ಹಿಂದೆ’. ನಡುವೆ ಗದ್ದೆ ಇರಲಿ, ಹಳ್ಳ ಇರಲಿ. ಅಲ್ಲಿಗೆ ಹೋಗುವುದು ಕಾಡಿಗೆ ಹೋದ ಲೆಕ್ಕವೇ ಅಲ್ಲ.

ಗದ್ದೆ ದಾಟಿ ಓಡಿದೆವು. ಗಂಗಮ್ಮ ಒಂದು ಮರದ ಬುಡ ತೋರಿಸಿದರು. ನೆಲ ಚೊಕ್ಕಟವಾಗಿತ್ತು. ಒಂದು ಎಲೆ ಇಲ್ಲ.

“ಬೆಳಿಗ್ಗೇನೇ ಗುಡಿಸ್ಕೊಂಡು ಹೋದ್ವಲ್ಲ,” ಎಂದರು. ಮಂಗ ಸತ್ತ ಜಾಗದ ಎಲೆ ಯಾಕೆ ಮುಟ್ಟಿದಿರಿ ಎಂದೆ. “ಮತ್ತೆ ದನಕ್ಕೆ ಏನ್ ಹಾಸ್ಲಿ? ನನ್ ಸೆರಗಾ?”

ಏನು ಹೇಳುತ್ತೀರಿ ಇದಕ್ಕೆ?

ಆ ಎಲೆ ಈಗ ಎಲ್ಲಿದೆ ಎಂದು ಡಾಕ್ಟರು ಕೇಳಿದರು. ನಾನು ಪದ ಹುಡುಕಲಿಲ್ಲ. ವಾಪಸು ಓಡಿ, ಕೊಟ್ಟಿಗೆಯ ಬಾಗಿಲು ತಳ್ಳಿದೆ.

ಸಂಜೆಯ ಹಾಲು ಕರೆಯುವ ಹೊತ್ತು. ಹಾಸಿದ ಎಲೆಯ ಮೇಲೆ ಕಿರಿಸೊಸೆ ಕುಕ್ಕರುಗಾಲಲ್ಲಿ ಕೂತಿದ್ದಳು. ತುಂಬು ಬಸುರಿ. ಬರಿಗಾಲು. ಒಂದು ಕೈಯಲ್ಲಿ ಹಾಲು ಕರೆಯುತ್ತ, ಇನ್ನೊಂದು ಕೈಯಲ್ಲಿ ಮೀನಖಂಡ ಪರಪರ ಕೆರೆದುಕೊಳ್ಳುತ್ತಿದ್ದಳು.

ಡಾಕ್ಟರು ಬಾಗಿಲಲ್ಲೇ ನಿಂತುಬಿಟ್ಟರು. ಇನ್ನು ಅವರಿಗೆ ನನ್ನ ಇಂಗ್ಲಿಷ್ ಯಾಕೆ ಬೇಕಿತ್ತು?