ಗುಂಡಿಯ ನೀರು ಕಾಯುವ ಖಂಡೆಪ್ಪ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಯಮಕನಮರಡಿಯ ಹೊರಗೆ ಅಕ್ಕವ್ವನವರ ಹೊಲದಲ್ಲಿ ಖಂಡೆಪ್ಪ ಸೊಂಟದಾಳದ ಗುಂಡಿಯೊಳಗೆ ನಿಂತು ಹಾರೆ ಹಾಕುತ್ತಿದ್ದಾರೆ. ಅಲ್ಲಿಯವರೆಗೆ ಸಲೀಸಾಗಿ ಇಳಿದ ಹಾರೆ ಈಗ ಠಣ್ ಎನ್ನುತ್ತಿದೆ. ಆ ಸದ್ದು ಬಂದಾಗಲೆಲ್ಲ ಅವರು ರಸ್ತೆಯ ಕಡೆ ನೋಡುತ್ತಾರೆ. ಇವತ್ತೇ ನಿಂಬೆ ಸಸಿಗಳ ಗಾಡಿ ಬರುವುದಿದೆ.

ಹಣ್ಣಿನ ಗಿಡಕ್ಕೆ ನೆಲ ಒಗ್ಗುತ್ತದೋ ಇಲ್ಲವೋ ನೋಡಿ ಹೇಳುವುದು ಐವತ್ತು ದಾಟಿದ ಖಂಡೆಪ್ಪನವರ ಕಸುಬು. ಮೂಡಲಗಿ ಕಡೆಯ ಕುರಿ ಕಾಯುವ ಮನೆತನ. ಮಣ್ಣು ಪರೀಕ್ಷೆಯವರಿಗೆ ಗುಂಡಿ ತೋಡುವ ಕೂಲಿಗೆ ಹೋಗಿ, ಅವರಿಂದಲೇ ಕಲಿತರು. ಬೈಕಿಗೆ ಹಾರೆ ಕಟ್ಟಿಕೊಂಡು ಗೋಕಾಕ, ಹುಕ್ಕೇರಿ ತಿರುಗುತ್ತಾರೆ. ದಿನಕ್ಕೆ ಎರಡು ಗುಂಡಿ. ಮೂರನೆಯದಕ್ಕೆ ಸೊಂಟ ಒಪ್ಪುವುದಿಲ್ಲ. ತೋಡಿದ ಮೇಲೆ ನೀರು ಸುರಿದು ಕಾಯುತ್ತಾರೆ. ನೀರು ಇಂಗಿದರೆ ಬೇರು ಬದುಕುತ್ತದೆ, ನಿಂತರೆ ಕೊಳೆಯುತ್ತದೆ. ತೋಟದ ಪೂಜೆಗೆ ಇವರನ್ನು ಕರೆದವರಿಲ್ಲ ಎಂಬುದು ಬೇರೆ ಮಾತು.

ಕಳೆದ ತಿಂಗಳು ಇದೇ ಹೊಲದಲ್ಲಿ ಅವರು ಎಡವಿದರು. ಮಣ್ಣು ಕಪ್ಪಗೆ, ಮೆತ್ತಗೆ ಕೈಗೆ ಬಂತು. ಮೊಣಕಾಲಾಳಕ್ಕೆ ನಿಲ್ಲಿಸಿ "ಗಿಡಾ ಹಚ್ರಿ" ಎಂದುಬಿಟ್ಟರು. ಆ ಜಾಗದಲ್ಲಿ ಬೇಸಿಗೆಯಿಡೀ ರಾತ್ರಿ ಕುರಿ ಹಿಂಡು ತರುಬಿ ಮಲಗಿಸಿದ್ದರು, ಹಿಕ್ಕೆ ಬಿದ್ದು ಮೇಲ್ಮಣ್ಣು ಹಾಗಾಗಿತ್ತು. ಇದು ಗೊತ್ತಾದದ್ದು ಮೊನ್ನೆ, ಹಿಂಡಿನ ಯಜಮಾನ ಸಿದ್ರಾಯನ ಬಾಯಿಂದ.

"ಕುರಿ ಕುಂತ ನೆಲಾ ಎಲ್ಲಾರಿಗೂ ಚಲೋನ ಕಾಣತೈತ್ರಿ. ಕುರ್ಯಾಗ ಹುಟ್ಟಿ ಬೆಳದಾಂವಾ ನಾ, ನನಗ ತಿಳೀಲಿಲ್ಲಂದ್ರ!" ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಮೇಲೆ ಹತ್ತಿ ಬಂದು ಗುಂಡಿಗೆ ನೀರು ಸುರಿಯುತ್ತಾರೆ.

ಬಿಸಿಲೇರಿದರೂ ಸುರಿದ ನೀರು ಕದಲಿಲ್ಲ. ಚಹಾ ತಂದ ಅಕ್ಕವ್ವ ಬಗ್ಗಿ ನೋಡುತ್ತಾರೆ.

"ಇನ್ನೂ ಇಂಗಿಲ್ಲೇನೋ ಖಂಡೆಪ್ಪಾ?"

"ಇಲ್ರೀ ಅಕ್ಕಾರ. ಕೆಳಗ ಬರೇ ಸುಣ್ಣಗಲ್ಲ ಐತ್ರಿ. ಗಿಡಾ ಮೊದಲ ಚಂದ ಕಾಣತಾವು, ಕಾಯಿ ಹಿಡಿಯೂ ಹೊತ್ತಿಗೆ ಒಣಗತಾವು. ನನ್ನ ತಪ್ಪಾತ್ರಿ."

"ಊರ ತುಂಬ ಹೇಳೇನಲ್ಲೋ ತೋಟಾ ಮಾಡ್ತೇನಂತ! ಈಗ ಮಾರಿ ಹೆಂಗ ತೋರಿಸ್ಲಿ?"

ಅಕ್ಕವ್ವನವರ ಸಿಟ್ಟು ನ್ಯಾಯವಾದದ್ದೇ. ಅವರು ಫೋನು ಮಾಡಿ ಗಾಡಿಯನ್ನು ದಾರಿಯಲ್ಲೇ ತಡೆಯುತ್ತಾರೆ. ಆಮೇಲೆ ಹೊಲದ ಆಚೆ ತುದಿಗೆ ಕೈ ತೋರಿಸಿ, "ಅಲ್ಲಿ ತೋಡು. ಈ ಸಲ ಪೂರಾ ತೋಡು" ಎನ್ನುತ್ತಾರೆ.

ಖಂಡೆಪ್ಪ ಹಾರೆ ಹೆಗಲಿಗೇರಿಸುತ್ತಾರೆ. ಪೇಪರಿನಲ್ಲಿ ಹೆಸರು ಹಾಕಬಹುದೇ ಎಂದು ಕೇಳಿದೆ.

"ಹಾಕ್ರಿ. ಆದ್ರ ನಾ ನೋಡಿದ ತೋಟದಾವ್ರಿಗೆ ನನ್ನ ಹೆಸರ ಮರತ ಹೋದ್ರನ ಚಲೋರಿ. ಗಿಡಾ ಸತ್ತಾಗಷ್ಟ ಅವರಿಗೆ ಖಂಡೆಪ್ಪ ನೆನಪಾಗತಾನು."