ಪರದೆ ಎಳೆದ ಟ್ಯೂಷನ್

ನನ್ನ ಸೊಸೆ ಚೀನಾದವಳು. ಲೈಟಿನ ಅಂಗಡಿ ಇಟ್ಟಿರುವ ನನ್ನ ಮಗ ಮಾಲು ತರಲು ಅಲ್ಲಿಗೆ ಓಡಾಡುತ್ತಿದ್ದವನು, ಅವಳನ್ನು ಮದುವೆಯಾಗಿ ಇಟ್ಟಮಡುವಿನ ನಮ್ಮ ಮನೆಗೆ ಕರೆತಂದ. ಮೊದಮೊದಲು ನಾನು ಮುಖ ಗಂಟಿಕ್ಕಿಕೊಂಡೇ ಇದ್ದೆ. ಆಮೇಲೆ ಅವಳು ಕನ್ನಡ ಕಲಿತಳು, ನನ್ನ ಸಾರನ್ನು ನನಗಿಂತ ರುಚಿಯಾಗಿ ಮಾಡತೊಡಗಿದಳು. ಇನ್ನು ಎಷ್ಟು ದಿನ ಬಿಗುಮಾನ ಇಟ್ಟುಕೊಳ್ಳಲಿ?

ಮದುವೆಗೆ ಮೊದಲು ಚೀನಾದ ತನ್ನ ಊರಿನಲ್ಲಿ ಅವಳದೇ ಒಂದು ಟ್ಯೂಷನ್ ಸೆಂಟರ್ ಇತ್ತು. ಶಾಲೆಯ ಪಾಠವನ್ನು ಲಾಭಕ್ಕೆ ಹೇಳಿಕೊಡುವಂತಿಲ್ಲ, ರಜಾದಿನಗಳಲ್ಲಂತೂ ಪಾಠವೇ ಕೂಡದು ಎಂದು ಅಲ್ಲಿನ ಸರ್ಕಾರ ನಿಯಮ ತಂದಿತು. ಬೆಂಚು, ಬೋರ್ಡು ಮಾರಿ ಬಾಗಿಲು ಹಾಕಿದಳು. ಅಲ್ಲಿ ಮನೆ ಕಟ್ಟುವವರ ಪಾಡೂ ಅಷ್ಟೇ. ಬಿಲ್ಡರುಗಳ ಸಾಲಕ್ಕೂ ಸರ್ಕಾರ ಮಿತಿ ಹಾಕಿದ ಮೇಲೆ ಅವಳ ಅಪ್ಪ ಅಮ್ಮ ಕೊಂಡಿದ್ದ ಫ್ಲ್ಯಾಟಿನ ಕಟ್ಟಡ ಅರ್ಧಕ್ಕೇ ನಿಂತಿತ್ತಂತೆ. ಇದನ್ನೆಲ್ಲ ಅವರೆಕಾಯಿ ಬಿಡಿಸುತ್ತಾ, ದನಿ ಏರಿಸದೆ ಹೇಳುತ್ತಿದ್ದಳು. ನಾನಾಗಿದ್ದರೆ ಬೀದಿರಂಪ ಮಾಡುತ್ತಿದ್ದೆ.

ಕಳೆದ ವರ್ಷ ನಮ್ಮ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಲೆಕ್ಕದ ಪಾಠ ಶುರುಮಾಡಿದಳು. ಕಿಟಕಿಗೆ ಪರದೆ ಎಳೆದಳು, ಚಪ್ಪಲಿಗಳನ್ನೆಲ್ಲ ಒಳಗೆ ತರಿಸಿದಳು, ಪಾಠ ಮುಗಿದ ಮೇಲೆ ಒಬ್ಬೊಬ್ಬರನ್ನೇ ಹೊರಗೆ ಬಿಟ್ಟಳು. ವಾರದೊಳಗೆ ಎದುರುಮನೆಯಾಕೆ ಬಂದು, "ಏನ್ ಆಂಟಿ, ಒಳಗೆ ಏನ್ ನಡೀತಿದೆ?" ಎಂದು ವಿಚಾರಿಸಿದಳು.

ಈ ಪರದೆ ಯಾಕೆ ಎಂದು ಸೊಸೆಯನ್ನು ಕೇಳಿದೆ.

"ಆಫೀಸರ್ ಬಂದ್ರೆ ಅತ್ತೆ? ನಮ್ಮೂರಲ್ಲಿ ರೂಲ್ ಬಂದ್ಮೇಲೆ ಪಾಠ ಹೇಳೋರು ಹಿಂಗೇ ಕದ್ದುಮುಚ್ಚಿ ಹೇಳ್ತಿದ್ರು."

ನಕ್ಕುಬಿಟ್ಟೆ. ಕೈಹಿಡಿದು ಬನಶಂಕರಿಯ ರಸ್ತೆಗಳಲ್ಲೆಲ್ಲ ಸುತ್ತಾಡಿಸಿದೆ. ಕರೆಂಟ್ ಕಂಬ, ಗೇಟು, ಹಾಲಿನ ಬೂತು, ಎಲ್ಲಿ ನೋಡಿದರೂ ಟ್ಯೂಷನ್ ಬೋರ್ಡು. "ಇಷ್ಟೊಂದಾ?" ಎಂದು ನಿಂತಲ್ಲೇ ನಿಂತಳು. ಅವಳ ಕಣ್ಣು ತುಂಬಿತು. ಮರುದಿನ ನಮ್ಮ ಗೇಟಿಗೂ ಬೋರ್ಡು ಬಂತು.

ಮಕ್ಕಳು ಹೆಚ್ಚಾದರು. ಪರೀಕ್ಷೆ ಹತ್ತಿರವಾದಾಗ ತಾಯಂದಿರು ಗುಂಪಾಗಿ ಬಂದು ಭಾನುವಾರವೂ ಕ್ಲಾಸ್ ಬೇಕೆಂದರು, ಇಲ್ಲದಿದ್ದರೆ ಪಕ್ಕದ ರಸ್ತೆಯ ಸೆಂಟರಿಗೆ ಸೇರಿಸುತ್ತೇವೆ ಎಂದೂ ಹೇಳಿದರು. ಅವಳು ಆಗಲ್ಲ ಎಂದಳು. ಇವಳು ಇನ್ನೊಂದು ಸಲ ಎಲ್ಲ ಕಳೆದುಕೊಳ್ಳುತ್ತಾಳಲ್ಲ ಎಂದು ನನಗೆ ಭಯವಾಯಿತು. ಅವರು ಹೋದ ಮೇಲೆ ರೇಗಿದೆ.

"ಇಲ್ಲಿ ಯಾವ ಸರ್ಕಾರನೂ ಬೇಡ ಅಂದಿಲ್ಲ ಕಣೇ. ನಿಂಗ್ಯಾಕೆ ಈ ಹಟ?"

"ಗೊತ್ತು ಅತ್ತೆ. ಸೆಂಟರ್ ಮುಚ್ಚಿದ್ಮೇಲೆ ಮೊದಲ್ನೇ ಭಾನುವಾರ ಮನೇಲಿ ಅಳ್ತಾ ಕೂತಿದ್ದೆ. ಅಲ್ಲಿವರೆಗೂ ಭಾನುವಾರನೂ ಕ್ಲಾಸಲ್ಲೇ ಕೂತಿರ್ತಿದ್ದ ನನ್ನ ಸ್ಟೂಡೆಂಟ್ಸ್ ಕೆಳಗಡೆ ಬಾಲ್ ಆಡ್ತಿದ್ರು. ಅವ್ರು ಅಷ್ಟು ಜೋರಾಗಿ ನಗ್ತಾರೆ ಅಂತ ನಂಗೆ ಅವತ್ತೇ ಗೊತ್ತಾಗಿದ್ದು."

ಆ ವಾರ ಅರ್ಧದಷ್ಟು ಮಕ್ಕಳು ಬಿಟ್ಟುಹೋದರು. ಆಮೇಲೂ ಸೊಸೆ ಭಾನುವಾರ ಪಾಠ ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.